ಮುಂಗೂಬೆಯ ಹಲ್ಲು

ಹಲ್ಲಿನ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಕಟ್ಟುಹಲ್ಲು ಕೆತ್ತುವುದು ಅವನ ಕೆಲಸ. ಊಟದ ಬಿಡುವಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಲೋಕದಲ್ಲೆಲ್ಲೂ ಇಲ್ಲದ ಪ್ರಾಣಿಗಳನ್ನು ಕೆತ್ತುತ್ತಿದ್ದ. ಸಂಬಳಕ್ಕೆ ಹಲ್ಲು, ಸಂತೋಷಕ್ಕೆ ಪ್ರಾಣಿ. ಆರು ಮುಗಿದಿದ್ದವು. ಏಳನೆಯದಕ್ಕೆ ಮುಂಗೂಬೆ ಎಂದು ಹೆಸರಿಟ್ಟ: ಮುಂಗುಸಿಯ ಮೈ, ಗೂಬೆಯ ಕಣ್ಣು, ಒಣಗಿದ ಎಲೆಯಂಥ ಕಿವಿ.

ಎರಡು ವಾರದಲ್ಲಿ ಮೈ ಎದ್ದು ನಿಂತಿತು. ಬಾಯಿ ಮಾತ್ರ ಸತ್ತ ಹಾಗಿತ್ತು. ಎಡಕ್ಕೊಂದು ಹಲ್ಲು ಕೆತ್ತಿದರೆ ಬಲಕ್ಕೂ ಅಂಥದೇ ತಾನಾಗಿ ಮೂಡುವಂತೆ ಇಟ್ಟುಕೊಂಡು ಕೆತ್ತಿದ್ದ. ಹುಟ್ಟಿದ ಯಾವ ಜೀವದ ಬಾಯಿಯೂ ಹಾಗಿರುವುದಿಲ್ಲ. ಆಗ ಅವನು ಕಂಪ್ಯೂಟರಿನಲ್ಲಿದ್ದ ದೊಡ್ಡಮ್ಮನ ಹಲ್ಲಿನ ಕಡತ ತೆರೆದ.

ಅವನನ್ನು ಸಾಕಿದ ದೊಡ್ಡಮ್ಮ ನಗುವಾಗ ಅಂಗೈ ಅಡ್ಡ ಹಿಡಿಯುತ್ತಿದ್ದಳು. ಮುಂದಿನ ಹಲ್ಲುಗಳು ಬಸ್ಸಿನ ಬಾಗಿಲಲ್ಲಿ ನಿಂತವರಂತೆ ಒಂದರ ಮೇಲೊಂದು ಬಿದ್ದಿದ್ದವು. ಒಂದು ಅರ್ಧ ಮುರಿದಿತ್ತು. ಮದುವೆಯ ಫೋಟೋದಲ್ಲೂ ತುಟಿ ಬಿಗಿದಿದ್ದಾಳೆ. ಎಲ್ಲ ಕೀಳಿಸಿ ಹೊಸದು ಕಟ್ಟಿಸಿಕೊಳ್ಳಲು ಕೊನೆಗೂ ಒಪ್ಪಿದಾಗ, ಕೀಳುವ ಮೊದಲು ಅವಳ ಬಾಯಿಯ ಅಚ್ಚನ್ನು ಕಂಪ್ಯೂಟರಿಗೆ ಇಳಿಸಿದವನು ಅವನೇ.

"ನೀನೊಬ್ಬ ನೋಡಿದ್ದಾಯ್ತು. ಇನ್ನೊಬ್ಬರ ಕಣ್ಣಿಗೆ ಬಿದ್ರೆ ನೋಡು ಮತ್ತೆ," ಎಂದಿದ್ದಳು.

"ಹಲ್ಲು ಯಾರು ನೋಡ್ತಾರೆ ದೊಡ್ಡಮ್ಮ?"

"ನೆಟ್ಟಗಿರೋರು ಹೇಳೋ ಮಾತಿದು."

ಆ ಅಚ್ಚನ್ನು ಮುಂಗೂಬೆಯ ಬಾಯಿಗೆ ಕೂರಿಸಿದ. ಪ್ರಾಣಿ ಉಸಿರಾಡಿತು. ಅದರ ಚಿತ್ರವನ್ನು ಫೋನಿನಿಂದ ಅಂತರ್ಜಾಲಕ್ಕೆ ಹಾಕಿದ. ಯಾರ ಹಲ್ಲೆಂದು ಯಾರಿಗೆ ಗೊತ್ತಾಗಬೇಕು?

ಹೊಸ ಹಲ್ಲು ಕೂರಿಸುವ ದಿನ ದೊಡ್ಡಮ್ಮ ಬೊಚ್ಚುಬಾಯಿ ಮುಚ್ಚಿಕೊಂಡು ಬಂದಳು. ಅಚ್ಚಿಗೆ ಗಾರೆ ಕಲಸುವ ಹಿರಿಯ, ಎಲ್ಲರ ಪಾಲಿಗೆ ಗಾರೆ ಮೇಷ್ಟ್ರು, ಅವಳಿಗೆ ಕುರ್ಚಿ ತೋರಿಸುತ್ತಲೇ ಫೋನು ಚಾಚಿದರು.

"ನೋಡಿ ಅಮ್ಮಾ, ನಿಮ್ಮ ಹುಡುಗನ ಕೈಚಳಕ! ನಾಲ್ಕು ಸಾವಿರ ಜನ ನೋಡಿದಾರೆ."

ಅವನು ಕೈ ಅಡ್ಡ ತರುವಷ್ಟರಲ್ಲಿ ಅವಳು ನೋಡಿಯಾಗಿತ್ತು. ಮುಚ್ಚಿದ ತುಟಿಯ ಒಳಗೆ ಅವಳ ನಾಲಿಗೆ ಮೆಲ್ಲನೆ ಎಡಕ್ಕೆ ಹೊರಳಿ, ಮುರಿದ ಹಲ್ಲು ಇದ್ದ ಜಾಗಕ್ಕೆ ಹೋಗಿ ನಿಂತಿತು.

"ನಕ್ಕರಾ?" ಎಂದಳು.

"ನಗದೆ? ಆ ಹಲ್ಲು ನೋಡಿ ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕಿದಾರೆ. ಎಲ್ಲಿಂದ ಹೊಳೀತೋ ಇವನಿಗೆ!"

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. "ಈಗ್ಲೇ ಅಳಿಸ್ತೀನಿ," ಎಂದ.

"ಯಾಕೋ, ತಲೆ ಕೆಟ್ಟಿದ್ಯಾ?" ಎಂದರು ಮೇಷ್ಟ್ರು.

ದೊಡ್ಡಮ್ಮ ಕುರ್ಚಿಯಲ್ಲಿ ಕೂತಳು. ಅವನು ಹೊಸ ಹಲ್ಲಿನ ಸೆಟ್ಟು ತೊಳೆದು ತಂದ. ಮೂರು ದಿನ ಕೂತು ಕೆತ್ತಿದ್ದು, ಒಂದೊಂದೂ ನೆಟ್ಟಗೆ. "ಬಾಯಿ ತೆಗಿ ದೊಡ್ಡಮ್ಮ."

ಅವಳು ತೆಗೆಯಲಿಲ್ಲ. ಮೇಷ್ಟ್ರ ಕಡೆ ತಿರುಗಿ, "ನೀವೇ ಹಾಕಿ. ಇವನು ಆಚೆ ಇರಲಿ," ಎಂದಳು.

ಅವನು ಆಚೆ ಹೋಗಿ ನಿಂತ. ಬಾಗಿಲಿಗೆ ಮಬ್ಬುಗಾಜು. "ಆ ಅನ್ನಿ, ಕಚ್ಚಿ, ಮೆಲ್ಲಗೆ ಕಚ್ಚಿ," ಎಂದು ಮೇಷ್ಟ್ರ ದನಿ ಕೇಳುತ್ತಿತ್ತು. ಆಮೇಲೆ, "ವಜ್ರದ ಹಾಗಿದೆ ಅಮ್ಮಾ. ಎಲ್ಲಿ, ಒಂದ್ಸಲ ನಗಿ ನೋಡೋಣ."

ಗಾಜಿನ ಮೇಲೆ ಒಂದು ನೆರಳು ಏಳುವುದು ಕಂಡಿತು. ಅವಳ ಅಂಗೈ; ಬಾಯಿಯ ಮಟ್ಟಕ್ಕೆ ಬಂದು ಅಲ್ಲೇ ನಿಂತಿತು.

ಅವನು ಫೋನು ತೆಗೆದ. ಅಳಿಸಲೇ ಎಂದು ಅದು ಕೇಳಿತು. ಒತ್ತುವ ಮೊದಲು ಕೊನೆಯ ಸಲ ಮುಂಗೂಬೆಯ ಬಾಯಿ ನೋಡಿದ. ಚೆನ್ನಾಗಿಯೇ ಬಂದಿತ್ತು. ಹಾಗನ್ನಿಸಿದ್ದಕ್ಕೆ ಅವನ ಕಿವಿ ಸುಟ್ಟಿತು.