ಅರ್ಧ ಅರ್ಧ ಲೀಟರು

ಬೋಗುಣಿ ತುಂಬಿತು, ಎಣ್ಣೆ ಇನ್ನೂ ಇಳಿಯುತ್ತಲೇ ಇತ್ತು. ಕಾರಿನ ಕೆಳಗೆ ಅಂಗಾತ ಮಲಗಿದ್ದ ಮೇಸ್ತ್ರಿ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಂದು ಪಾತ್ರೆ ಬೇಕೆಂದು ಕೂಗಿದ. ಗ್ಯಾರೇಜಿನಲ್ಲಿ ಆಗ ಇದ್ದವಳು ಕಾರಿನ ಒಡತಿ ಒಬ್ಬಳೇ. ಅವಳು ಸುತ್ತ ನೋಡಿ, ಕೈ ತೊಳೆಯುವ ಬಕೆಟ್ಟಿನ ನೀರು ಚೆಲ್ಲಿ, ಅದನ್ನು ಕಾಲಿನಿಂದಲೇ ಒಳಗೆ ತಳ್ಳಿದಳು.

ನಾಲ್ಕು ಲೀಟರ್ ಹಿಡಿಯುವ ಇಂಜಿನ್ ಅದು. ಸೋರುವ ಇಂಜಿನ್ ಬೇರೆ, ಮೂರು ಲೀಟರ್ ಬಂದರೆ ಪುಣ್ಯ ಎಂದು ಮೇಸ್ತ್ರಿ ಎಣಿಸಿದ್ದ. ಈಗ ಐದು ಲೀಟರಿನ ಬೋಗುಣಿಯೇ ತುಂಬಿ, ಬಕೆಟ್ಟಿನ ತಳವೂ ಮುಚ್ಚಿತ್ತು. ನಲವತ್ತು ವರ್ಷದ ಕಸುಬಿನಲ್ಲಿ ಸೋರಿ ಸೋರಿ ತುಂಬಿಕೊಂಡ ಇಂಜಿನನ್ನು ಅವನು ನೋಡಿರಲಿಲ್ಲ.

ಬೂದು ಬಣ್ಣದ ಆ ಹಳೆಯ ಕಾರನ್ನು ಮನೆಯವರು ಆನೆ ಎಂದೇ ಕರೆಯುತ್ತಿದ್ದರು. ಅಪ್ಪ ಕೊಂಡದ್ದು. ಅಪ್ಪ ಹೋದ ಮೇಲೆ ಅದು ಅಕ್ಕ ತಮ್ಮ ಇಬ್ಬರ ಪಾಲಿಗೂ ಬಂತು. ಔಷಧಿ ಅಂಗಡಿ ನಡೆಸುವ ಅಕ್ಕ ಕೆಳಗಿನ ಮನೆಯಲ್ಲಿ, ಪುಸ್ತಕದ ಬೈಂಡಿಂಗ್ ಮಾಡುವ ತಮ್ಮ ಮೇಲಿನ ಮನೆಯಲ್ಲಿ. ಸೋಮವಾರದಿಂದ ಬುಧವಾರದ ತನಕ ಕಾರು ಅವಳದು, ಗುರುವಾರದಿಂದ ಶನಿವಾರದ ತನಕ ಅವನದು. ಮಾತು ಮಾತ್ರ ಯಾವ ವಾರವೂ ಇರಲಿಲ್ಲ. ಅಪ್ಪ ಹಾಸಿಗೆ ಹಿಡಿದಾಗ ಯಾರು ನೋಡಿಕೊಂಡರು, ಯಾರು ನೋಡಿಕೊಳ್ಳಲಿಲ್ಲ ಎಂದು ಶುರುವಾದ ಜಗಳ ಮಾತಿಗೆ ಮಾತು ಬೆಳೆದು ಅಲ್ಲಿಗೆ ಬಂದು ನಿಂತಿತ್ತು. ಎಣ್ಣೆ ಸೀಗೆಕಾಯಿಯ ಹಾಗಿದ್ದ ಇಬ್ಬರೂ ಸ್ಟೇರಿಂಗಿಗೆ ಚೀಟಿ ಅಂಟಿಸಿ ವ್ಯವಹರಿಸುತ್ತಿದ್ದರು. ಕೊನೆಯ ಚೀಟಿ ಅಕ್ಕನದು: ‘ಕಾರು ಕೊಳ್ಳುವವರು ಭಾನುವಾರ ಬರುತ್ತಾರೆ.’ ಅದರ ಕೆಳಗೇ ತಮ್ಮ ಬರೆದಿದ್ದ: ‘ಸರಿ.’

ಕೊಳ್ಳುವವನ ಷರತ್ತು ಒಂದೇ, ಒಂದು ಹನಿಯೂ ಸೋರಬಾರದು. ಹಾಗಾಗಿ ಬುಧವಾರ ಬೆಳಿಗ್ಗೆ ಅಕ್ಕ ಕಾರನ್ನು ಇಲ್ಲಿಗೆ ತಂದು, ಬಂದವಳು ಹೋಗದೆ ಹಳೆಯ ಟೈರಿನ ಮೇಲೆ ಕೂತಿದ್ದಳು. ಮಾರುವ ಕಾರಿಗೆ ಇಷ್ಟು ಕಾವಲು ಯಾಕೆ ಎಂದು ಮೇಸ್ತ್ರಿಗೆ ಅನಿಸಿತು, ಕೇಳಲಿಲ್ಲ.

ಅವನಿಗೆ ಅವನದೇ ಚಿಂತೆ ಇತ್ತು. ಮೂರು ವಾರದ ಹಿಂದೆ ಇದೇ ಕಾರಿನ ಇಂಜಿನ್ ತಳದ, ಎಣ್ಣೆ ತಡೆಯುವ ಗ್ಯಾಸ್ಕೆಟ್ ಬದಲಿಸಿ, ಇನ್ನು ಹತ್ತು ವರ್ಷ ಈ ಕಡೆ ತಲೆ ಹಾಕಬೇಡಿ ಎಂದು ಹೇಳಿ ಕಳಿಸಿದ್ದ. ಈಗ ಮರ್ಯಾದೆಯ ಪ್ರಶ್ನೆ. ಎಣ್ಣೆ ಬೀಳುವ ಜಾಗ ಒಂದು, ಹೊರಡುವ ಜಾಗ ಇನ್ನೊಂದು. ಬಿದ್ದಲ್ಲಿ ಹುಡುಕುವವನು ದಡ್ಡ. ಅವನು ಇಂಜಿನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಒಣಗಿಸಿ, ಮಗುವಿಗೆ ಹಚ್ಚುವ ಹಾಗೆ ಮೈತುಂಬ ಪೌಡರ್ ಹಚ್ಚಿದ. ಹತ್ತು ನಿಮಿಷ ಓಡಿಸಿ ನಿಲ್ಲಿಸಿ ಟಾರ್ಚ್ ಬಿಟ್ಟ. ತಳದ ಗ್ಯಾಸ್ಕೆಟ್ಟಿನ ಸುತ್ತ ಪೌಡರ್ ಬೆಳ್ಳಗೇ ಇತ್ತು. ಅವನ ಎದೆ ಹಗುರಾಯಿತು. ಮುಂಭಾಗದಲ್ಲಿ, ಬೆಲ್ಟು ತಿರುಗುವ ದೊಡ್ಡ ಪುಲ್ಲಿಯ ಹಿಂದಿನಿಂದ ಮಾತ್ರ ಕಪ್ಪು ಗೆರೆಯೊಂದು ಇಳಿದಿತ್ತು. ಅಲ್ಲಿನ ಆಯಿಲ್ ಸೀಲ್ ಹೋಗಿದೆ, ಸರಿ. ಸೀಲ್ ಹಾಕುವ ಮೊದಲು ಎಣ್ಣೆ ಖಾಲಿ ಮಾಡೋಣವೆಂದು ಬೋಲ್ಟ್ ಬಿಚ್ಚಿದಾಗ ಈ ಕಥೆ.

ಮೇಸ್ತ್ರಿ ಹೊರಗೆ ತೆವಳಿ ಬಂದು, ಆಯಿಲ್ ಯಾರು ಹಾಕುತ್ತಾರೆ ಎಂದು ಕೇಳಿದ.

"ನಾನೇ. ಸೋಮವಾರ ಸೋಮವಾರ ಅರ್ಧ ಲೀಟರ್. ನೆಲದ ಮೇಲೆ ಕಲೆ ಹಾಗೇ ಇತ್ತಲ್ಲ. ಅವನಂತೂ ಹಾಕೋದಿಲ್ಲ. ಅಪ್ಪನ್ನೇ ನೋಡದವನು ಅಪ್ಪನ ಕಾರು ನೋಡ್ತಾನಾ?"

ಆ ಕಲೆ ಹಸಿಯೋ ಒಣಗಿದ್ದೋ, ಮುಟ್ಟಿ ನೋಡಿದ್ದೀರಾ ಎಂದು ಮೇಸ್ತ್ರಿ ಕೇಳಿದ. ಇಲ್ಲ. ಅದು ರಿಪೇರಿಗೆ ಮೊದಲಿನ ಕಲೆ, ಯಾರೂ ತೊಳೆದಿರಲಿಲ್ಲ. ಮೇಸ್ತ್ರಿ ಬೋಗುಣಿ ನೋಡಿ ಲೆಕ್ಕ ಹಾಕಿದ. ವಾರಕ್ಕೆ ಅರ್ಧದಂತೆ ಮೂರು ವಾರಕ್ಕೆ ಒಂದೂವರೆ ಲೀಟರ್, ಸೋರಿದ್ದನ್ನು ಕಳೆದರೆ ಇಷ್ಟು ಬರಲಾರದು. ಮೂಲೆಗೆ ಹೋಗಿ ತಮ್ಮನಿಗೆ ಫೋನ್ ಮಾಡಿ, ಕೈಗೊಂದು ಆಳು ಬೇಕು ಬನ್ನಿ, ಮನೆಯಲ್ಲಿ ಆಯಿಲ್ ಇದ್ದರೆ ತನ್ನಿ ಎಂದ.

ಅರ್ಧ ಗಂಟೆಯಲ್ಲಿ ತಮ್ಮ ಬಂದ. ಬೆರಳಿಗೆ ಅಂಟು ಮೆತ್ತಿಕೊಂಡಿತ್ತು, ಕೈಚೀಲದಲ್ಲಿ ಡಬ್ಬಿ ಇತ್ತು. ಅಕ್ಕನನ್ನು ಕಂಡು ಅವನು ಗೋಡೆಯ ಕ್ಯಾಲೆಂಡರ್ ಓದತೊಡಗಿದ. ಮೇಸ್ತ್ರಿ ಅದೇ ಪ್ರಶ್ನೆ ಕೇಳಿದ.

"ಗುರುವಾರ ಹಾಕ್ತೀನಿ. ಅರ್ಧ ಲೀಟರ್," ತಮ್ಮ ಕ್ಯಾಲೆಂಡರಿಗೇ ಹೇಳಿದ. "ನಾನು ಹಾಕದಿದ್ರೆ ಇನ್ಯಾರು ಹಾಕ್ತಾರೆ?"

ಟೈರಿನ ಮೇಲೆ ಕೂತಿದ್ದ ಅಕ್ಕ ಎದ್ದು ನಿಂತಳು. ಮೇಸ್ತ್ರಿ ಕಾರಿನ ಡಿಕ್ಕಿಯಿಂದ ಅವಳ ಡಬ್ಬಿ ತೆಗೆದು, ಬೆಂಚಿನ ಮೇಲೆ ಅವನ ಡಬ್ಬಿಯ ಪಕ್ಕ ಇಟ್ಟ. ಎರಡೂ ಒಂದೇ, ಅಪ್ಪ ತರುತ್ತಿದ್ದ ಹಸಿರು ಡಬ್ಬಿ.

"ಅತಿಯಾದ್ರೆ ಅಮೃತಾನೂ ವಿಷ," ಎಂದ ಮೇಸ್ತ್ರಿ. "ಕಾಳಜಿ ಇಲ್ದೆ ಕೆಟ್ಟ ಗಾಡಿ ಬೇಕಾದಷ್ಟು ನೋಡಿದೀನಿ. ಇದಕ್ಕೆ ಇಬ್ರೂ ಸೇರಿ ಕುಡಿಸಿ ಕುಡಿಸಿ ಹೊಟ್ಟೆ ಒಡೆಸಿದೀರಿ."

ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಪೈಕಿಯಲ್ಲ ಅವನು. ಸೋರುವ ಗಾಡಿಯೆಂದು, ಎಣ್ಣೆಯ ಮಟ್ಟ ತೋರಿಸುವ ಅಳತೆಯ ಕಡ್ಡಿಯನ್ನು ಎಳೆದು ನೋಡದೇ ಹೋದದ್ದು ತನ್ನ ತಪ್ಪು ಎಂದು ತಾನೇ ಹೇಳಿದ. ಅಕ್ಕ ತಮ್ಮ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ಡಬ್ಬಿಗಳನ್ನೇ ನೋಡುತ್ತಿದ್ದರು.

ಆಮೇಲೆ ಕೆಲಸ. ಪುಲ್ಲಿಯ ನಟ್ಟು ಬಿಚ್ಚುವಾಗ ಇಂಜಿನ್ ತಿರುಗಬಾರದು. ಅಕ್ಕ ಗೇರಿನಲ್ಲಿಟ್ಟು ಬ್ರೇಕ್ ಒತ್ತಿ ಕೂತಳು, ತಮ್ಮ ಬಾನೆಟ್ಟಿನ ಕೆಳಗೆ ಟಾರ್ಚ್ ಹಿಡಿದ. "ಒತ್ತಿ ಅಂತ ಹೇಳಿ," ಎಂದು ಮೇಸ್ತ್ರಿ ತಮ್ಮನಿಗೆ ಹೇಳಿದ. ತಮ್ಮ ಗಂಟಲು ಸರಿಮಾಡಿಕೊಂಡು ಬಾನೆಟ್ಟನ್ನು ಎರಡು ಸಲ ತಟ್ಟಿದ. ಅವಳಿಗೆ ಅಷ್ಟೇ ಸಾಕಾಯಿತು, ಒತ್ತಿದಳು. ಹೆಚ್ಚಾದ ಎಣ್ಣೆಯ ಒತ್ತಡಕ್ಕೆ ಹಳೆಯ ಸೀಲಿನ ರಬ್ಬರ್ ತುಟಿ ಹೊರಕ್ಕೆ ಮಡಚಿಕೊಂಡಿತ್ತು. ಮೇಸ್ತ್ರಿ ಹೊಸದಕ್ಕೆ ಎಣ್ಣೆ ಸವರಿ, ಮರದ ತುಂಡಿಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದ. ಅಳೆದು ನಾಲ್ಕೇ ಲೀಟರ್ ಹೊಯ್ದು, ಸಂಜೆಗೆ ಕಾರು ಒಪ್ಪಿಸಿದ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕಡ್ಡಿ ನೋಡಬೇಕು, ಮೇಲಿನ ಗೆರೆ ದಾಟಿಸಬಾರದು, ಮೊದಲು ಆ ನೆಲ ತೊಳೆಯಬೇಕು ಎಂದು ತಾಕೀತು ಮಾಡಿದ.

ಶನಿವಾರ ಮಧ್ಯಾಹ್ನ ಅಕ್ಕ ಸೋಪಿನ ಪುಡಿ, ಬ್ರಷ್ಷು ಹಿಡಿದು ಹೊರಗೆ ಬಂದರೆ, ತಮ್ಮ ಆಗಲೇ ಕಾರನ್ನು ಪಕ್ಕಕ್ಕಿಟ್ಟು ಮಂಡಿಯೂರಿ ಕಲೆ ಉಜ್ಜುತ್ತಿದ್ದ. ಅವಳು ಕೂತು ಇನ್ನೊಂದು ಬದಿಯಿಂದ ಉಜ್ಜಿದಳು. ಬಹಳ ಹಳೆಯ ಕಲೆ, ಪೂರ್ತಿ ಹೋಗಲಿಲ್ಲ. ಕಾರನ್ನು ಮತ್ತೆ ಅದೇ ಜಾಗಕ್ಕೆ ತಂದು, ಕೆಳಗೆ ಹಳೆಯ ಪತ್ರಿಕೆ ಹಾಸಿದರು.

ಭಾನುವಾರ ಬೆಳಿಗ್ಗೆ ತಮ್ಮ ಬಾನೆಟ್ ಎತ್ತಿ ಕಡ್ಡಿ ಎಳೆದು, ಒರೆಸಿ, ಇಳಿಸಿ, ಮತ್ತೆ ಎಳೆದ. ಕನ್ನಡಕ ಮೇಲಿನ ಮನೆಯಲ್ಲೇ ಬಿಟ್ಟು ಬಂದಿದ್ದ. ಗೆರೆ ಕಾಣಲಿಲ್ಲ. ಬಾಗಿಲಲ್ಲಿ ನಿಂತಿದ್ದ ಅಕ್ಕ ಇಳಿದು ಬಂದು ಅವನ ಕೈಯಿಂದ ಕಡ್ಡಿ ತೆಗೆದುಕೊಂಡು ಬೆಳಕಿಗೆ ಹಿಡಿದಳು.

"ಸಾಕು," ಎಂದಳು. "ಸರಿಯಾಗಿ ಗೆರೆಗಿದೆ. ನೀನು ಹಾಕಬೇಡ."

ವರ್ಷದ ಮೇಲೆ ಅವಳು ಅವನಿಗೆ ಆಡಿದ ಮೊದಲ ಮಾತು ಅದು.

"ನೀನೂ ಹಾಕಬೇಡ, ಅಕ್ಕ," ಎಂದ.

ಅಷ್ಟರಲ್ಲಿ ಗೇಟಿನ ಆಚೆ ಹಾರ್ನ್ ಆಯಿತು. ಅಕ್ಕ ಕಡ್ಡಿ ಹಿಡಿದುಕೊಂಡೇ ಹೋದಳು. ಗೇಟು ತೆರೆಯದೆ, ಅಲ್ಲೇ ನಿಂತು ಒಂದೆರಡು ಮಾತಾಡಿ, ಕಾರು ಕೊಳ್ಳಲು ಬಂದವರನ್ನು ಬಂದ ದಾರಿಯಲ್ಲೇ ಕಳಿಸಿದಳು.

ತಮ್ಮ ಕಾರಿನ ಕೆಳಗಿನ ಪತ್ರಿಕೆ ಎಳೆದು ಅಂಗೈಯಿಂದ ಸವರಿದ. ಒಣಗಿತ್ತು. ಅದನ್ನು ನೀಟಾಗಿ ಮಡಿಸಿ ಜಗಲಿಯ ಕಪಾಟಿನಲ್ಲಿ ಹಾಸಿ, ಎರಡು ಹಸಿರು ಡಬ್ಬಿಗಳನ್ನೂ ಅದರ ಮೇಲೆ ಪಕ್ಕಪಕ್ಕ ಇಟ್ಟ.