ಕೇಳದ ಟೈಮ್‌ಔಟ್

ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಸ್ಕೋರ್ ಬರೆಯುವವನು ನಾನು. ಹಗಲು ಲೈಬ್ರರಿ ಗುಮಾಸ್ತ, ಸಂಜೆ ಸ್ಕೋರ್ ಮೇಜು. ಹತ್ತೊಂಬತ್ತು ವರ್ಷದಲ್ಲಿ ಒಂದು ಅಂಕ ತಪ್ಪಿಲ್ಲ. ಹಾಗಂತ ನಾನು ಹೇಳಿಕೊಂಡರೆ ಹೆಂಡತಿ, "ಅಂಕ ತಪ್ಪಲ್ಲ, ಕರೆದ್ರೆ ಮಾತ್ರ ಓ ಅನ್ನಲ್ಲ. ಕಿವಿ ಎಲ್ಲಿಟ್ಟಿರ್ತೀರೋ!" ಅನ್ನುತ್ತಾಳೆ. ದಿನಕ್ಕೆ ನೂರು ಸಲ ಕರೆದರೆ ಯಾರು ತಾನೇ ಓಗೊಡುತ್ತಾರೆ?

ಒಂದು ದಿನ ಪ್ರಿನ್ಸಿಪಾಲರು ಕರೆಸಿದರು. "ಕೂದಲೆಳೆ ಅಂತರದಲ್ಲಿ ಸೋಲೋದು ಜಾಸ್ತಿ ಆಯ್ತು. ಮೂರು ಸೀಸನ್ ಹೋಲಿಸಿ ಬರೆದುಕೊಡಿ. ಕೋಚ್‌ನ ಇಟ್ಕೊಳ್ಳೋದೋ ಬಿಡೋದೋ ಆಮೇಲೆ ನೋಡೋಣ."

ಹಾಳೆಗಳನ್ನು ಹರವಿಕೊಂಡು, ಮೂರು ಅಂಕದೊಳಗೆ ಮುಗಿದ ಪಂದ್ಯಗಳನ್ನಷ್ಟೇ ಆರಿಸಿದೆ. ಮೊದಲ ವರ್ಷ ಹನ್ನೊಂದರಲ್ಲಿ ಎಂಟು ಗೆದ್ದಿದ್ದೆವು. ಮರುವರ್ಷ ಹತ್ತರಲ್ಲಿ ಐದು. ಈ ವರ್ಷ ಒಂಬತ್ತರಲ್ಲಿ ಒಂದೇ ಒಂದು. ಹುಡುಗರು ಹೆಚ್ಚುಕಡಿಮೆ ಅವರೇ. ಸಲೀಸಾಗಿ ಗೆಲ್ಲುವ ಪಂದ್ಯಗಳನ್ನು ಈ ವರ್ಷವೂ ಗೆದ್ದಿದ್ದರು.

ಕೊನೆಗೆ ಕಣ್ಣಿಗೆ ಬಿದ್ದದ್ದು ಟೈಮ್‌ಔಟ್ ಚೌಕಗಳು. ಆಟ ನಿಲ್ಲಿಸಿ ಹುಡುಗರ ಜೊತೆ ಮಾತಾಡಬೇಕಾದರೆ ಕೋಚ್ ನನ್ನ ಮೇಜಿಗೆ ಬಂದು ಕೇಳಬೇಕು. ಚೆಂಡು ನಿಂತ ಗಳಿಗೆಯಲ್ಲೇ ನಾನು ಬಜರ್ ಒತ್ತಿ, ಚೌಕದಲ್ಲಿ ಗೀಟು ಹಾಕಬೇಕು. ಮೊದಲ ವರ್ಷ ಬಿಗಿ ಪಂದ್ಯಗಳ ಕೊನೆಯ ಚೌಕಗಳೆಲ್ಲ ತುಂಬಿದ್ದವು. ಈ ವರ್ಷ ಖಾಲಿ.

ಮೈಯೆಲ್ಲ ಉರಿಯಿತು. ಹುಡುಗರು ಏದುಸಿರು ಬಿಡುತ್ತಿದ್ದರೆ ಈ ಮಹಾರಾಯ ನನ್ನ ಪಕ್ಕ ಕಂಬದ ಹಾಗೆ ನಿಂತಿರುತ್ತಿದ್ದನಲ್ಲ! "ಕೋಚ್ ಟೈಮ್‌ಔಟ್ ಕೇಳಲಿಲ್ಲ" ಎಂದು ಬರೆದು, ಅಡಿಗೆರೆ ಎಳೆದು ಕೊಟ್ಟೆ. ವಾರದೊಳಗೆ ಅವನನ್ನು ತೆಗೆದರು.

ಸಾಮಾನಿನ ಕೋಣೆಯಲ್ಲಿ ಅವನು ಸೀಟಿ, ಬೂಟು ಚೀಲಕ್ಕೆ ತುಂಬುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಯಾಕಯ್ಯ ಕೇಳಲಿಲ್ಲ? ಬಾಯಲ್ಲೇನು ಕಡುಬಿತ್ತಾ?"

ಅವನು ತೀರಾ ಹತ್ತಿರ ಬಂದು, ನನ್ನ ಮುಖ ನೋಡುತ್ತಾ ಹೇಳಿದ. "ನಾನು ಕೇಳ್ದೆ ಅಣ್ಣ. ನಿಮಗೆ ಕೇಳಲಿಲ್ಲ."

ನನ್ನ ಕೈ ತಾನಾಗಿ ಕಿವಿಗೆ ಹೋಯಿತು.

"ಬಿಗಿ ಪಂದ್ಯ ಅಂದ್ರೆ ಜನ ಕಿರುಚ್ತಾರೆ. ನೀವು ತಲೆ ಬಗ್ಗಿಸಿ ಬರೀತಿರ್ತೀರಿ. ಭುಜ ತಟ್ಟೋ ಹೊತ್ತಿಗೆ ಮತ್ತೆ ಆಟ ಶುರುವಾಗಿರೋದು."

"ಯಾರಿಗೂ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿಮ್ಮನ್ನ ಆ ಮೇಜಿಂದ ಎಬ್ಬಿಸ್ತಿದ್ರು. ಮುಂದಿನ ವರ್ಷ ಹೇಗೂ ನಿಮ್ಮ ನಿವೃತ್ತಿ. ಅಲ್ಲೀತನಕ ದೂಡಿದ್ರಾಯ್ತು ಅಂದ್ಕೊಂಡೆ."

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ನೇರ ಪ್ರಿನ್ಸಿಪಾಲರ ಕೋಣೆಗೆ ಓಡಿ, ನನ್ನ ವರದಿ ಬಿಡಿಸಿ, ಅಡಿಗೆರೆ ಎಳೆದ ವಾಕ್ಯಕ್ಕೆ ಎರಡು ಪದ ಸೇರಿಸಿದೆ: "ಕೋಚ್ ಟೈಮ್‌ಔಟ್ ಕೇಳಿದ್ದು ನನಗೆ ಕೇಳಲಿಲ್ಲ."

ಅವರು ಓದಿದರು. ಹೊರಗೆ ಅಂಗಳದಲ್ಲಿ ಹುಡುಗರ ಗದ್ದಲ. ಪ್ರಿನ್ಸಿಪಾಲರ ತುಟಿ ಅಲುಗಿತು.

"ಏನಂದ್ರಿ ಸಾರ್?"

ಮತ್ತೆ ಅಲುಗಿತು. ಮತ್ತೆ ಕೇಳಿದೆ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಪೆನ್ನು ತೆಗೆದು ಅದೇ ಹಾಳೆಯ ಕೆಳಗೆ ದೊಡ್ಡದಾಗಿ ಬರೆದು ನನ್ನತ್ತ ತಿರುಗಿಸಿದರು.

"ಹೊಸ ಕೋಚ್ ಇವತ್ತು ಬೆಳಿಗ್ಗೆಯೇ ಸೇರಿಕೊಂಡರು."