ಹೊದಿಕೆಯ ಹೊರಗಿನ ಕಾಲು

ಮೊದಲು ಸತ್ತವನು ವಾಪಸು ಬಂದು ಇನ್ನೊಬ್ಬನ ಕಾಲಿನ ಹೆಬ್ಬೆರಳು ಜಗ್ಗಿ ಎಬ್ಬಿಸಬೇಕು, ಅಲ್ಲಿ ಏನಿದೆ ಅಂತ ಹೇಳಬೇಕು. ಸೈನ್ಯದಲ್ಲಿದ್ದಾಗ ಅಪ್ಪನಿಗೆ ಗೆಳೆಯ ಉದ್ದಣ್ಣ ಕೊಟ್ಟ ಮಾತು ಇದು. ಕಾವಲಿನ ಪಾಳಿ ಬದಲಾಗುವಾಗ ಅವರು ಎಬ್ಬಿಸುತ್ತಿದ್ದದ್ದೇ ಹಾಗೆ. ಭುಜ ಮುಟ್ಟಿದರೆ ನಿದ್ದೆಗಣ್ಣಿನವನು ಬಂದೂಕಿಗೆ ಕೈ ಹಾಕಿಬಿಡಬಹುದು. ಹೆಬ್ಬೆರಳು ಜಗ್ಗಿದರೆ ನಮ್ಮವನೇ ಎಂದು ಗೊತ್ತಾಗುತ್ತದೆ.

ಅದೇ ಚಳಿಗಾಲ ಉದ್ದಣ್ಣ ಗುಂಡಿಗೆ ಬಲಿಯಾದ. ಅಂದಿನಿಂದ ಅಪ್ಪ ಎಂಥ ಚಳಿಯಲ್ಲೂ ಪಾದಗಳನ್ನು ಹೊದಿಕೆಯ ಹೊರಗಿಟ್ಟೇ ಮಲಗಿದ.

ಅಮ್ಮನದು ಎರಡು ಹೊತ್ತೂ ಪ್ರಾರ್ಥನೆ. "ನೀವೂ ಒಂದ್ಸಲ ಕೈ ಮುಗಿದ್ರೆ ನಿಮ್ಮ ಗಂಟೇನು ಹೋಗುತ್ತೆ?" ಅನ್ನುತ್ತಿದ್ದಳು.

"ಉದ್ದಣ್ಣ ಬಂದು ಹೇಳ್ಲಿ ತಾಳೆ. ಯಾರೂ ಇಲ್ಲದ ಮನೆ ಬಾಗಿಲು ಯಾಕೆ ತಟ್ಟೋದು?"

ಈಗ ಡಾಕ್ಟರು ಕೈಚೆಲ್ಲಿ ಅಪ್ಪನನ್ನು ಮನೆಗೆ ಕಳಿಸಿದ್ದರು. ನಾನು ಹೊಲಿಗೆ ಅಂಗಡಿಯ ಕೆಲಸ ಮನೆಗೇ ತಂದು, ಮಂಚದ ಕಾಲುಗಡೆ ಕೂತು ಶಾಲೆ ಮಕ್ಕಳ ಅಂಗಿಗಳಿಗೆ ಗುಂಡಿ ಹಾಕುತ್ತಿದ್ದೆ. ಸಾವನ್ನು ಕಣ್ಣಾರೆ ಕಂಡವನು, ಅವನಿಗೇನು ಭಯ ಎಂದು ಬೀದಿಯವರು ಹೇಳುತ್ತಿದ್ದ ಅಪ್ಪ, ಕಣ್ಣು ಮುಚ್ಚಲು ಹೆದರುತ್ತಿದ್ದ.

"ಇಷ್ಟು ವರ್ಷ ಬರಲಿಲ್ಲ ಅಂದ್ರೆ ಅಲ್ಲಿ ಏನೂ ಇಲ್ಲ ಅಂತಲೇ ಅಲ್ವೇನೆ?" ಅಂದ ಒಂದು ಮಧ್ಯಾಹ್ನ.

ಅವನಿಗೆ ಮಂಪರು ಹತ್ತಿದ ಮೇಲೆ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟು, ಆ ತಣ್ಣನೆಯ ಹೆಬ್ಬೆರಳು ಹಿಡಿದು ಜಗ್ಗಿದೆ.

"ನೀನಾ," ಅಂದ ಅಪ್ಪ, ಕಣ್ಣು ತೆರೆಯದೆ. "ಅವನ ಕೈ ಅಂದ್ರೆ ಅರ ಉಜ್ಜಿದ ಹಾಗಿರುತ್ತೆ."

ನಾಚಿಕೆಯಾಯಿತು. ಮಾತು ಮರೆಸಲು, "ಕಾವಲಲ್ಲಾದ್ರೂ ಅವರು ಸರಿಹೊತ್ತಿಗೆ ಎಬ್ಬಿಸ್ತಿದ್ರಾ?" ಅಂದೆ.

"ಎಲ್ಲಿ? ಒಂದಿನಾನೂ ಇಲ್ಲ. ಎದ್ದು ಬೈದ್ರೆ, 'ಮಗು ಥರ ಮಲಗಿದ್ದೆ, ಎಬ್ಬಿಸೋಕೆ ಮನಸ್ಸು ಬರಲಿಲ್ಲ ಕಣೋ' ಅಂತಿದ್ದ. ನನ್ನ ಪಾಳೀಲೂ ಅರ್ಧ ಅವನೇ ನಿಂತಿರ್ತಿದ್ದ, ಚಳೀಲಿ ಹಲ್ಲು ಕಡೀತಾ."

ಹೇಳುತ್ತಲೇ ಅಪ್ಪ ಕಣ್ಣು ತೆರೆದ. ಬಾಗಿಲ ಕಡೆ ತುಂಬ ಹೊತ್ತು ನೋಡಿದ, ಊರಿನ ಬಸ್ಸು ಕಾಯುವವರು ರಸ್ತೆ ತಿರುವನ್ನು ನೋಡುವ ಹಾಗೆ.

"ಕಳ್ಳ," ಅಂದ. "ಈಗಲೂ ಅದನ್ನೇ ಮಾಡ್ತಿದಾನೆ, ಎಬ್ಬಿಸದೆ."

"ಯಾರ್ರೀ ಅದು ಬಂದಿರೋದು?" ಅಡುಗೆಮನೆಯಿಂದ ಅಮ್ಮ ಕೇಳಿದಳು.

"ಯಾರೂ ಇಲ್ಲ ಕಣೆ. ಇನ್ನೂ ಸ್ವಲ್ಪ ಮಲಗು ಅಂತಿದಾನೆ."

ಆಮೇಲೆ ನನ್ನ ಕಡೆ ತಿರುಗಿ, "ಕಾಲಿಗೆ ಚಳಿ ಹಿಡೀತಿದೆ ಮಗಳೇ, ಹೊದಿಸು," ಅಂದ. ನನಗೆ ಬುದ್ಧಿ ಬಂದಾಗಿನಿಂದ ಆ ಮಾತು ಅವನ ಬಾಯಲ್ಲಿ ಕೇಳಿರಲಿಲ್ಲ. ಹೊದಿಕೆ ಎಳೆದು ಎರಡೂ ಪಾದ ಮುಚ್ಚಿ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದೆ. ಅಪ್ಪ ಮಗ್ಗುಲಾಗಿ ನಿದ್ದೆಹೋದ. ಸಣ್ಣಗೆ ಗೊರಕೆಯೂ ಬಂತು.

ಆ ನಿದ್ದೆಯಲ್ಲೇ ಹೋದ. ನಾನು ಕಾಲುಗಡೆಯೇ ಕೂತಿದ್ದೆ. ಯಾರೂ ಬಂದು ಎಬ್ಬಿಸಲಿಲ್ಲ. ಉದ್ದಣ್ಣ ಕೊಟ್ಟ ಮಾತಿಗೆ ತಪ್ಪಿದ.